ಟೊಳ್ಳು

ಗಿಲಾವ ಮಾಡಿದ ಮ್ಯಾಲ ಬೆರಳ ಗೆಣ್ಣಿಲೆ ಬಡದು ನೋಡಬೇಕು.
ಗಟ್ಟಿ ಇದ್ರ ಗ್ವಾಡಿ ಏನೂ ಅನ್ನೂದಿಲ್ಲ.
ಟೊಳ್ಳಿದ್ದಲ್ಲೆ ಮಾತಾಡತೈತಿ.
ಇಪ್ಪತ್ತೆರಡು ವರ್ಷ ಆತು ಗೋವಾಕ್ಕ ಬಂದು,
ನನಗ ಗೊತ್ತಿರೂ ಸಂಗೀತ ಇಷ್ಟ.

ಚರ್ಚಿನ ಕಂಪೌಂಡ್ ಕಟ್ಟೂವಾಗ
ಬುತ್ತಿ ತಂದ ನೀಲವ್ವ ಹೊಳ್ಳಿ ಮನಿಗೆ ಹೋಗಲಿಲ್ಲ.
ಒಳಗ ಯಾರೋ ಪಿಟೀಲು ಬಾರಸ್ತಿದ್ರು.
ಕಿಡಕಿ ಸರಳ ಹಿಡದು ನಿಂತ ಪೋರಿ
ಕರದ್ರ ಓ ಅನ್ನವಲ್ದು.
ರಾತ್ರಿ ಕೇಳಿದ್ಲು:
ಅಪ್ಪಾ, ಅದನ್ನ ಯಾರು ಕಲಸ್ತಾರ?

ಯಾರು ಕಲಸ್ತಾರ!
ಓಳಂಬ ಬಿಟ್ಟು ನೋಡಾಕ ಮನಷ್ಯಾರೇನು ಮೂಲಿಗಲ್ಲಾ?

ಮಡಗಾಂವದ ಸರ್ ಮನ್ಯಾಗ
ಗ್ವಾಡಿ ತುಂಬ ಸರ್ಟಿಫಿಕೇಟು, ಎಲ್ಲಾ ಒಂದೀಟು ವಾರಿ.
ನನ್ನ ಚಪ್ಪಲಿ ನೋಡಿದ್ರು,
ಚಪ್ಪಲಿಗೆ ಮೆತ್ತಿದ ಸಿಮೆಂಟ್ ನೋಡಿದ್ರು,
ಮೂರು ತಿಂಗಳ ಮುಂಗಡ ಅಂದ್ರು.
ಪೋರಿ ಬೆರಳು ನೋಡಲಿಲ್ಲ.

ಇನ್ನೊಬ್ಬರದು ಮೂರನೇ ಮಜಲಿನ ಹಾಲು,
ಕೆಳಗ ಫರಸಿ, ಸುತ್ತ ಗಾಜು.
ನೀಲವ್ವ ಜನ್ಮದಾಗ ಮೊದಲನೇ ಸಲ ಬಿಲ್ಲು ಎಳದ್ಲು.
ಏನು ದನಿ ಅದು! ಗುಂಯ್ ಅಂತ ಸುತ್ತು ಹೊಡದು ಬಂತು.
ಹುಟ್ಟಾ ಕಲಾವಿದೆ ಅಂದ್ರು ಅವರು.
ನನ್ನ ಕಣ್ಣಾಗ ನೀರು.
ವಾಪಸ್ ಬಸ್ಸಿನ್ಯಾಗ, ಟಿಕೆಟ್ ತಗೊಳ್ಳೂವಾಗ ಹೊಳೀತು:
ಆ ಹಾಲಿನ್ಯಾಗ ನಾ ಕೆಮ್ಮಿದ್ದೂ ಛಂದನ ಕೇಳಿತ್ತು.

ಎರ್ಮೆಲಿಂಡಾ ಬಾಯಿ ಹೆಸರು ಹೇಳಿದಾಂವ
ಕುಡ್ತರಿಯ ಪಾವ್ ಮಾರೂ ಹುಡುಗ. ಆರು ತಿಂಗಳು ಕಲತು ಬಿಟ್ಟವ.
ಬೈತಾರೇನು ಅಂದೆ.
ಇಲ್ಲ, ಕೇಳಸ್ತಾರ ಅಂದ. ಅದು ಬೈಗಳಕಿಂತ ಬಿರುಸಂತ.

ಮುದಿಕಿ. ಎಡ ಗದ್ದದ ಕೆಳಗ ಕರೀ ಕಲಿ,
ಬುಟ್ಟಿ ಹೊತ್ತು ನನ್ನ ಹೆಗಲಿಗೆ ಬಿದ್ದಂಥಾದ್ದು.
ಕೋಲಿ ತುಂಬ ಭತ್ತದ ಚೀಲ, ಹಳೇ ಹಾಸಗಿ,
ಥಂಡಿ ಹಿಡದು ಉಬ್ಬಿದ ಗ್ವಾಡಿ.
ನೀಲವ್ವ ಎಳದ್ಲು.
ಎಣ್ಣಿ ಕಾಣದ ಬಾಗಲಾ ಕಿರ್ ಅಂತು.
ಪೋರಿ ಮಾರಿ ಸಣ್ಣದಾತು.
ಬಾಯಿ ನಗಲಿಲ್ಲ, ಹೊಗಳಲಿಲ್ಲ.
‘ಆಯಕ್’ ಅಂದ್ರು. ಕೇಳು.
ಕಿರಿಬೆರಳನ್ನ ಒಂದು ಅಕ್ಕಿಕಾಳಿನಷ್ಟು ಸರಸಿದ್ರು.
ಮತ್ತ ಆಯಕ್.

ನನ್ನ ಕೈ ಸುಮ್ಮ ಇರಬೇಕಲಾ, ಗ್ವಾಡಿ ಬಡದೆ.
ಡಬ್ ಡಬ್. ಎಲ್ಲಾ ಟೊಳ್ಳು.
ಬಾಯಿ, ಫೀ ಬದಲಿ ಇದನ್ನ ಕೆರದು ಹೊಸಾ ಗಿಲಾವ ಮಾಡ್ತೀನಿ ಅಂದೆ.
ಬ್ಯಾಡ ಅಂದ್ರು, ಅರ್ಧ ಕೊಂಕಣಿ, ಅರ್ಧ ಕೈಸನ್ನಿ.
ಈ ಗ್ವಾಡಿ ಯಾರನ್ನೂ ಉಬ್ಬಸೂದಿಲ್ಲ,
ಇಲ್ಲೆ ಹುಡುಗಿ ತಪ್ಪು ಹುಡುಗಿಗೇ ಕೇಳಸತೈತಿ.
ವರ್ಷ ತನಕ ಹಾಡು ಕೇಳಬ್ಯಾಡ.
ನಾಕು ವರ್ಷಕ್ಕ ನನ್ನ ಹತ್ರ ಇದ್ದದ್ದು ಖಾಲಿ ಆಗತೈತಿ,
ಆವಾಗ ಎಲ್ಲಿ ಕಳಸಬೇಕು ನಾನ ಹೇಳ್ತೀನಿ.

ಅಡಗಿಮನಿ ಮೆಟ್ಟಲ ಒಡದಿತ್ತು.
ಅದನ್ನ ಬೇಕಾದ್ರ ಮಾಡು ಅಂದ್ರು. ಫೀ ಫೀನ.

ಐತವಾರ ಮಧ್ಯಾಹ್ನ ನಾ ಆ ಮೆಟ್ಟಲ ಮ್ಯಾಲ ಕುಂಡರ್ತೀನಿ.
ಮೀನಿನ ಸಾರಿನ ವಾಸನಿ, ಕೋಳಿ, ಬಾಯಿಯ ಮಣಿ ಮುರದ ಖುರ್ಚಿ.
ಒಳಗ ಒಂದು ತಂತಿ, ಒಂದು ಸ್ವರ,
ಏಳು ತಿಂಗಳಿಂದ ಅದ ಬಾಗಲಾ.
ನಿನ್ನೆ ಒಮ್ಮೆ, ಒಂದ ಒಂದು ಎಳತ,
ಕಿರ್ ಅನ್ನಲಿಲ್ಲ.
ಕಿವಿ ಕೊಟ್ಟು ಕಾದೆ.

ಬಾಯಿ ಏನೂ ಅನ್ನಲಿಲ್ಲ.