ಹತ್ತೊಂಬತ್ತನೇ ಪ್ರಶ್ನೆ

ತೀನ್ ಕಂದೀಲಿನ ಜೆರಾಕ್ಸ್ ಅಂಗಡಿಯಲ್ಲಿ
ಕರೆಂಟು ಹೋಗಿ ಬಂದ ಗಳಿಗೆಯಲ್ಲಿ
ಹಾಳೆ ಬೆರಳಷ್ಟು ಕೆಳಗೆ ಜಾರಿತ್ತು.
ಇನ್ನೂರ ಹನ್ನೆರಡು ಪ್ರತಿ. ಅದರಲ್ಲಿ ಮೂವತ್ತೊಂದಕ್ಕೆ
ಕೊನೆಯ ಸಾಲಿಲ್ಲ, ಅದರ ಐದು ಚೌಕಗಳೂ ಇಲ್ಲ.
ನಾನು ನೋಡಲಿಲ್ಲ. ಹಂಚಿಬಿಟ್ಟೆ.

ನನ್ನ ವಿಷಯ: ಪದವಿ ತರಗತಿಯಲ್ಲಿ ವಿದ್ಯಾರ್ಥಿಯ ಅನುಭವ,
ಕಲಿಸುವವರ ವರ್ತನೆ, ಅದರ ಮನೋವೈಜ್ಞಾನಿಕ ಪರಿಣಾಮ.
ಹೇಳಿ ಮುಗಿಸಲಿಕ್ಕೇ ಒಂದು ಗುಟುಕು ನೀರು ಬೇಕು,
ರಾಯಚೂರಿನ ಏಪ್ರಿಲ್ಲಿನಲ್ಲಿ ಎರಡು.

ಎರಡನೇ ವರ್ಷದ ಬಿ.ಎ., ಕೋಣೆ ಏಳು.
ಮೂರು ಫ್ಯಾನಿನಲ್ಲಿ ಒಂದು ತಿರುಗುತ್ತದೆ,
ಅದರ ಕೆಳಗಿನ ಬೆಂಚಿಗೆ ಗೇಟು ತೆಗೆದ ಕೂಡಲೇ ವಹಿ ಇಟ್ಟು ಹೋಗುತ್ತಾರೆ.
ಇದನ್ನು ಕೇಳುವ ಪ್ರಶ್ನೆ ನನ್ನ ಹಾಳೆಯಲ್ಲಿರಲಿಲ್ಲ.
ಪೆನ್ನುಗಳು ಓಡಿದವು, ಎರವಲು ಹೋದವು, ಜಾಡಿಸಿಕೊಂಡವು.
ಹಿಂದಿನ ಸಾಲಿನ ಮೌಲಾಲಿ ಎಲ್ಲಕ್ಕೂ ಮೂರು ಹಾಕಿ
ಹತ್ತೇ ನಿಮಿಷಕ್ಕೆ ಎದ್ದ. "ನಡುವ ಇರ್ಲಿ ಬಿಡ್ರಿ ಮೇಡಮ್,
ಯಾರಿಗೂ ಬ್ಯಾಸರ ಆಗಬಾರದು."

ಎಲ್ಲರೂ ಹೋದ ಮೇಲೆ ಬಾಗಿಲ ಬಳಿ ಒಬ್ಬಳು.
ಗಬ್ಬೂರಿನ ಬಸ್ಸು ಹೊರಡುವ ಹೊತ್ತು, ಆದರೂ ನಿಂತಿದ್ದಳು,
ಬೆರಳು ಹದಿನಾಲ್ಕರ ಮೇಲೆ:
"ತರಗತಿಯಲ್ಲಿ ಪ್ರಶ್ನೆ ಕೇಳಲು ನನಗೆ ಹಿಂಜರಿಕೆ ಇಲ್ಲ."
"ಹಿಂಜರಿಕಿ ಅಂದ್ರ ಏನ್ರೀ?"
ಅಳುಕು ಅಂದೆ. ಹಿಂದ ಮುಂದ ನೋಡೋದು ಅಂದೆ.
"ಓ, ಅದಾ!" ಎಂದು ನಕ್ಕು
ಗೋಡೆಗೆ ಹಾಳೆ ಒತ್ತಿ
"ಪೂರ್ಣ ಒಪ್ಪುತ್ತೇನೆ" ಎಂಬಲ್ಲಿ ಗೀಟು ಹಾಕಿದಳು.
ಅಷ್ಟು ಕೇಳಲಿಕ್ಕೆ ಮುಕ್ಕಾಲು ತಾಸು ಕಾದಿದ್ದಳು.
ಕಂಪ್ಯೂಟರಿನಲ್ಲಿ ಅದು ಐದು.
ಸರಾಸರಿಯನ್ನು ಎಳ್ಳಷ್ಟು ಮೇಲೆತ್ತುವ ಐದು.

ರಾತ್ರಿ ಕೂಲರಿನ ಮುಂದೆ ಎಣಿಸುವಾಗ ಸಿಕ್ಕವು
ಆ ಮೂವತ್ತೊಂದು.
"ನನ್ನ ಅಧ್ಯಾಪಕರಿಗೆ ನಾನು"
ಅಷ್ಟೇ. ಆಮೇಲೆ ಕಾಗದದ ಅಂಚು.
"ಮುಖ್ಯ ಎಂದು ಅನಿಸುತ್ತದೆ" ಎಂಬುದು
ಅಂಗಡಿಯಲ್ಲೇ ಉಳಿದಿತ್ತು.
ಬಹಳ ಮಂದಿ ಖಾಲಿ ಬಿಟ್ಟಿದ್ದರು.
ಒಬ್ಬರು ತಾವೇ ಐದು ಚೌಕ ಬರೆದು ಯಾವುದನ್ನೂ ಮುಟ್ಟಿರಲಿಲ್ಲ.
"ಋಣಿ" ಎಂದಿತ್ತು ಒಂದರಲ್ಲಿ, ಪರೀಕ್ಷೆಯೆಂದು ತಿಳಿದಿರಬೇಕು.
ಒಂದರಲ್ಲಿ ಬರೀ "೧೧೭".
ಇನ್ನೊಂದರಲ್ಲಿ ಹಸಿರು ಶಾಯಿ, ಇರುವೆಯಂಥ ಅಕ್ಷರ:
"ಗೊತ್ತಿಲ್ಲ".

ಉತ್ತರ ಗೊತ್ತಿಲ್ಲವೆಂದೋ,
ಅಥವಾ ನನ್ನ ಸಾಲನ್ನು ಮುಗಿಸಿಕೊಟ್ಟದ್ದೋ?

ತಿರುಗಿಸಿ ನೋಡಿದೆ. ಹೆಸರು ಬರೆಯಬಾರದೆಂದು
ನಾನೇ ದಪ್ಪಕ್ಷರದಲ್ಲಿ ಅಚ್ಚು ಹಾಕಿಸಿದ್ದೆ.

ಮಾರ್ಗದರ್ಶಕರು ಫೋನಿನಲ್ಲಿ ಹೇಳಿದರು:
"ಅಪೂರ್ಣ ದತ್ತಾಂಶ. ತೆಗೆದುಬಿಡಿ. ನೂರ ಎಂಬತ್ತೊಂದು ಸಾಕು."
ಆಯಿತು ಸರ್ ಅಂದೆ. ತೆಗೆದೆ.
ತೆಗೆದದ್ದನ್ನು ಎಲ್ಲಿಡಬೇಕೆಂದು ಅವರು ಹೇಳಲಿಲ್ಲ.
ದಿಂಬಿನ ಪಕ್ಕದಲ್ಲೇ ಇದ್ದವು ಬೆಳಗಿನವರೆಗೆ.

ಆರು ವರ್ಷದಿಂದ ಹಾಜರಿಗೆ ಅಂಕಿ ಕೂಗುತ್ತೇನೆ.
ನೂರ ಹದಿನಾರು, ಎಸ್ ಮೇಡಮ್. ನೂರ ಹದಿನೇಳು, ಎಸ್ ಮೇಡಮ್.
ಅಂಕಿಯಾದರೆ ಬೇಗ ಮುಗಿಯುತ್ತದೆ, ಬೋಧನೆಗೆ ಸಮಯ ಉಳಿಯುತ್ತದೆ:
ನನ್ನದೇ ಒಂದು ಪ್ರಬಂಧದಲ್ಲಿದೆ ಈ ಮಾತು,
ಪ್ರಶಸ್ತಿಪತ್ರವೂ ಬಂದಿತ್ತು.
ಇಂದು ಹೆಸರು ಹಿಡಿದೆ. ಅಂಬಮ್ಮ. ದುರುಗಪ್ಪ. ಹುಸೇನಬಿ.
ಮೌಲಾಲಿ ಅಂದಾಗ "ಮೂರು!" ಎಂದು ಯಾರೋ ಕೂಗಿ
ಇಡೀ ಕೋಣೆ ನಕ್ಕಿತು.
ಹನ್ನೆರಡು ನಿಮಿಷ ಹೋದವು, ಅರ್ಧ ಪುಟವೂ ದಾಟಿರಲಿಲ್ಲ.

"ಉರುಕುಂದಮ್ಮ" ಎಂದು ಬಾಗಿಲ ಪಕ್ಕದ ಬೆಂಚು ನೋಡಿದೆ.
ಗಬ್ಬೂರಿನ ಹುಡುಗಿ ಕೂತಲ್ಲಿಂದಲೇ ಅಂದಳು,
"ಅಕಿ ಬಂದಿಲ್ರೀ. ನಾ ಮಾಳಮ್ಮ."
ಎಲ್ಲರೆದುರಿಗೆ. ಹಿಂದ ಮುಂದ ನೋಡದೆ.

ಹಾಕಿದ ಗೀಟು ಹೊಡೆದುಹಾಕಿ ತಿದ್ದುವಾಗ
ಕಣ್ಣು ಅವಳ ಕೈಗೆ ಹೋಯಿತು.
ನೀಲಿ ಪೆನ್ನು.

ಹಾಗಾದರೆ ಹಸಿರು ಇನ್ಯಾರದೋ.
ಮುಂದಿನ ಹೆಸರು ಕೂಗಿದೆ.