ಸಂದಿ

ಸೇಡಂ ರೋಡಿನ ಲ್ಯಾಬಿನಾಗ ಹದಿನೇಳು ಕಂಪ್ಯೂಟರ್,
ನಾಕು ಚಾಲೂನೇ ಆಗಂಗಿಲ್ಲ.
ಉಳಿದವಕ್ಕೆಲ್ಲಾ ಒಂದೇ ಫೈಲ್ ಬರೀಲಾಕ ಕುಂತೀನಿ,
ಕೂಲರಿನಾಗ ನೀರಿಲ್ಲ, ಮೇ ತಿಂಗಳ ಮಧ್ಯಾಹ್ನ.

ಯಾವ ಪೈಥಾನ್, ಯಾವ ಪೋರ್ಟ್, ಯಾವ ಫಾಂಟ್.
ಟ್ಯಾಬ್ ಒತ್ತಬ್ಯಾಡ. ಎರಡು ಸ್ಪೇಸ್.
ಕೋಲನ್ ಆದಮ್ಯಾಲ ಒಂದು.
ಬರದದ್ದಕ್ಕಿಂತ ಬಿಟ್ಟದ್ದೇ ನೋಡ್ತದ ಈ ಮಷೀನು,
ಹಿಡಿದು ನಿಲ್ಲಸ್ತದ ಇಪ್ಪತ್ತೆಂಟನೇ ಸಾಲಿನಾಗ.

ಕಾಲ ಕೆಳಗ ಶಹಾಬಾದ ಪರಸಿ.
ಹಾಸಿದ ಗೌಂಡಿ ಲಾಡ್ಲೇಸಾಬ
ಕಲ್ಲು ಕಲ್ಲಿನ ನಡುವ ಬೆರಳಷ್ಟು ಬಿಟ್ಟು
"ಬಿಸಲಿಗಿ ಕಲ್ಲೂ ಮೈಮುರೀತದ್ರಿ" ಅಂದಿದ್ದ.

ಹಳೇ ಫೈಲಿನಾಗ ತಾಹೇರಾ ಮೇಡಂ ಹೆಸರಿನ ಫೋಲ್ಡರ್.
ಅವರು ಔರಾದಕ್ಕ ವರ್ಗ ಆಗಿ ಮೂರು ವರ್ಷ,
ಇನ್ನೂ ಎಲ್ಲಾ ಹುಡುಗರ ಕೆಲಸ
ಅವರ ಮನಿ ಬಾಗಿಲಾ ಬಡೀಲಾಕತ್ತದ.
ಹೆಸರು ಅಳಿಸಿ, ಡಾಲರ್ ಹಾಕಿ, ಹೋಮ್ ಅಂತ ಬರದೆ:
ಯಾರು ಕುಂತರ ಅವರದೇ ಮನಿ.

ಕಡೀಗೊಂದು ಸಾಲು ಉಳೀತು.
ಮ್ಯಾಲ ಹ್ಯಾಶ್ ಹಾಕಿ ಮೇಡಂ ಬರದಾರ:
"ಇದನ್ನ ತಗೀಬ್ಯಾಡ್ರಿ. ಯಾಕಂತ ಗೊತ್ತಿಲ್ಲ."

ತಗದು ನೋಡಿದೆ. ಹದಿಮೂರೂ ನಿಂತವು.
ತಿರಗಿ ಹಾಕಿ
ಕೆಳಗ ಇನ್ನೊಂದು ಹ್ಯಾಶ್:
"ನನಗೂ."