ತೊಗರಿ ಕಾಳಿನಷ್ಟು

ಹನ್ನೊಂದು ವರ್ಷ ಮಂದಿ ಮಷೀನಿನ ಮುಂದ ಕುಂತೀನಿ.
ಗಂಜಿನ ಅಡತಿ ಅಂಗಡಿಯೊಳಗ, ಬ್ಯಾಳಿ ಮಿಲ್ಲಿನ ಆಫೀಸಿನೊಳಗ,
ಸಾವ್ಕಾರ್ರು ಊಟಕ್ಕ ಎದ್ದಾಗ ಖಾಲಿ ಆಗೋ ಕುರ್ಚಿ ಮ್ಯಾಲ.
ಕೋಡ್ ನಂದು, ಕೀಲಿಮಣಿ ಅವರದು.
ಸ್ಪೇಸ್‌ಬಾರಿನ ಮ್ಯಾಲ ಯಾರದೋ ಗುಟ್ಕಾದ ಕಲೆ.

ಈ ಸಲ ನಂದು ನಾನೇ ಕಟ್ಟತೀನಿ ಅಂದೆ.
ಸುಪರ್ ಮಾರ್ಕೆಟ್ ಹಿಂದಿನ ಓಣಿ, ಜಿಲಾನಿಯ ಅಂಗಡಿ,
ಹೊರಗ ನಲವತ್ಮೂರು ಡಿಗ್ರಿ, ಒಳಗೊಂದು ಕೂಲರು
ನೀರಿಲ್ದೆ ಬರೇ ಗೊಣಗ್ತಿತ್ತು.
ಕೌಂಟರ್ ಮ್ಯಾಲ ಹಾಳಿ ಬಿಚ್ಚಿಟ್ಟೆ:
ಮೂರು ತಿಂಗಳು ತಿದ್ದಿ ತಿದ್ದಿ ಬರದ ಪಟ್ಟಿ,
ಕಡೀ ಸಾಲಿನಾಗ ಎರಡು ಸಾವಿರ —
‘ಏನರೆ ಮರತಿದ್ರ’.

“ಗ್ರಾಫಿಕ್ಸ್ ಕಾರ್ಡ್ ಬರದೇ ಇಲ್ಲಲ್ರಿ ಅಕ್ಕಾ?”
ಬ್ಯಾಡ. ನಾ ಯಾರ್ಗೂ ಗುಂಡು ಹೊಡಿಯಾಂಗಿಲ್ಲ.
“ದೀಪ ಹತ್ತೋ ಫ್ಯಾನು ಬಂದಾವ, ಏಳು ಬಣ್ಣ.”
ಬ್ಯಾಡ. ಕತ್ತಲ್ಯಾಗ ಅಕ್ಷರ ಕಂಡ್ರ ಸಾಕು.
ಮೆಮೊರಿ ಮಾತ್ರ ಮೂವತ್ತೆರಡು ಬೇಕು, ಜೋಡಿ ಕಡ್ಡಿ —
ಡೇಟಾಬೇಸು, ಬ್ರೌಸರು, ಎಡಿಟರು
ಮೂರೂ ಒಂದೇ ಪಡಸಾಲ್ಯಾಗ ಜಗಳಾಡದೆ ಮಲಗಬೇಕು.

ಪವರ್ ಸಪ್ಲೈ ಅಗ್ಗದ್ದು ತೋರಿಸಬ್ಯಾಡ.
ನಮ್ಮ ಓಣಿ ಕರೆಂಟ್ ನಿನಗ ಗೊತ್ತಿಲ್ಲೇನು,
ಬಂದ್ರ ಬಲ್ಬು ಸಿಡಿಯಾಂಗ, ಹೋದ್ರ ಹೇಳದೆ ಕೇಳದೆ.
ಕೈಯಾಗ ಎತ್ತಿ ನೋಡಿದೆ, ಕುಂಬಳಕಾಯಿ ತೂಗಿದಾಂಗ.
ಹಗುರ ಇದ್ದದ್ದು ವಾಪಸ್ ಕೊಟ್ಟೆ.
ಜಿಲಾನಿ ನಕ್ಕ. ನಗಲಿ.

ಪ್ರೊಸೆಸರ್ ಡಬ್ಬಿ ನನ್ನ ಪಟ್ಟಿಗಿಂತ ಸಾವಿರದ ನಾಕನೂರು ಕಡಿಮಿ.
ಖುಷಿ ಆತು. ರೊಕ್ಕ ಎಣಸಾಕಿ
ಯಾಕೋ ತಡದು, ಮ್ಯಾಲಿನ ನಂಬರ್ ಮತ್ತೊಮ್ಮೆ ಓದಿದೆ.
ಬಾಲಕ್ಕೊಂದು ಅಕ್ಷರ: ಎಫ್.
ಅಂದ್ರ ಇದಕ್ಕ ಎಣಸಲಿಕ್ಕೆ ಬರತದ, ತೋರಸಲಿಕ್ಕೆ ಬರಾಂಗಿಲ್ಲ;
ಬ್ಯಾರೆ ಕಾರ್ಡ್ ಹಾಕದೆ ಪರದೆ ಮ್ಯಾಲ ಚುಕ್ಕಿ ಸೈತ ಮೂಡಂಗಿಲ್ಲ.
“ಯಾ ಅಲ್ಲಾ,” ಅಂದ ಜಿಲಾನಿ, ಕಿವಿ ಹಿಡಕೊಂಡ.
ನಾ ಬೈಲಿಲ್ಲ.
ದೊಡ್ಡಕ್ಷರ ಇರಬೇಕಾದಲ್ಲಿ ಸಣ್ಣಕ್ಷರ ಬಿದ್ದು
ಹೋದ ದೀಪಾವಳಿ ಮುಂದ ಮಿಲ್ಲಿನ ಎರಡನೂರು ಚೀಲ
ಲೆಕ್ಕಕ್ಕ ಸಿಗದೆ ಮೂರು ದಿನ ಅಲದಾಡಿದ್ದು
ಯಾರ ಕೈಯಿಂದ ಅಂತ ನನಗೊಬ್ಬಾಕಿಗೇ ಗೊತ್ತದ.

ಮರತದ್ದೂ ಒಂದಿತ್ತು. ಡಬ್ಬಿಯಾಗ ಬರೋ ಫ್ಯಾನು
ನಮ್ಮ ಬಿಸಿಲಿಗೆ ಸಾಲಂಗಿಲ್ಲ.
ದೊಡ್ಡದೊಂದು ಕೊಡು ಅಂದೆ. ಕಡೀ ಸಾಲು ಅಲ್ಲಿಗೆ ತೀರಿತು.

ಮನ್ಯಾಗ ಶಹಾಬಾದ ಕಲ್ಲಿನ ನೆಲ, ಬರಿಗಾಲು.
ಬಳಿ ಬಿಚ್ಚಿಟ್ಟೆ. ಮೈಯಾಗಿನ ಕಿಡಿ ಇಳಿಲಿ ಅಂತ ಕಿಡಕಿ ಸರಳು ಮುಟ್ಟಿದೆ.
ರೊಟ್ಟಿ ಮಣಿ ಮ್ಯಾಲ ಮದರ್‌ಬೋರ್ಡು,
ಮಸಾಲಿ ಡಬ್ಬಿಯ ಬಟ್ಟಲದಾಗ ಥರಾವರಿ ಸ್ಕ್ರೂ,
ಅರ್ಧ ತಾಸಿನಾಗ ಎಲ್ಲಕ್ಕೂ ಜೀರಿಗಿ ವಾಸನಿ.

ಫೋನ್ ಹಚ್ಚಿದೆ. ಪೇಸ್ಟ್ ಎಷ್ಟು ಹಾಕಲಿ?
“ತೊಗರಿ ಕಾಳಿನಷ್ಟು ಅಕ್ಕಾ.”
ಇಡೀದೋ, ಒಡದ ಬ್ಯಾಳಿಯೋ?
ಆ ಕಡಿ ಸುಮ್ಮನಾತು.
ಊರಿಗೂರೇ ಬ್ಯಾಳಿ ಮ್ಯಾಲ ನಿಂತದ, ಖರೇ,
ಈ ಪ್ರಶ್ನೆ ಅವಗ ಯಾರೂ ಕೇಳಿರಲಿಲ್ಲ ಅಂತ ಕಾಣತದ.
“ಇಡೀದ್ರೀ,” ಅಂದ, ಭಾಳ ಹೊತ್ತಿನ ಮ್ಯಾಲ.

ಸ್ವಿಚ್ ಒತ್ತಿದೆ. ಫ್ಯಾನ್ ತಿರುಗಿತು, ಪರದೆ ಕಪ್ಪು.
ಮೆಮೊರಿ ಕಡ್ಡಿ ಅರ್ಧಕ್ಕ ನಿಂತಿತ್ತು; ಹೆಬ್ಬಟ್ಟಿಗೆ ಅಂಜಿಕಿ.
ಜೋರ್ ಒತ್ತಿದೆ. ಟಕ್ ಅಂತು.
ಮುರೀತೇನೋ ಅಂದ್ಕೊಂಡೆ. ಕುಂತಿತ್ತು.
ಮತ್ತ ಹಚ್ಚಿದೆ. ಬಿಳಿ ಅಕ್ಷರ ಬಂದ್ವು.
ಮೂವತ್ತೆರಡು, ಪೂರಾ.

ತಾರೀಖು ಮಾತ್ರ ತಪ್ಪಿತ್ತು.
ಯಾವುದೋ ವರ್ಷದ ಜನವರಿ ಒಂದು, ಮಧ್ಯರಾತ್ರಿ —
ಕಾರ್ಖಾನ್ಯಾಗ ಕೊಟ್ಟ ತಾಸು ಹಿಡಕೊಂಡೇ ಕುಂತಿತ್ತು.
ಇದು ಮೇ ತಿಂಗಳು, ಇವತ್ತು ಮಂಗಳವಾರ,
ಒಂದೊಂದೇ ಹೇಳಿದೆ.
ಗಡಿಯಾರ ನೋಡಬೇಕಂತ ಎದ್ದೆ,
ಅಷ್ಟೊತ್ತಿಗೆ ಮಿಲ್ಲಿನ ಭೋಂಗಾ ಹೊಡೀತು.
ಆರು, ಅಂತ ಒತ್ತಿದೆ.

ಜೀರಿಗಿ ಬಟ್ಟಲದಾಗ ಒಂದು ಸ್ಕ್ರೂ ಉಳದದ.
ಎಲ್ಲೀದು ಅಂತ ಇನ್ನೂ ತಿಳದಿಲ್ಲ.